ಕೇಳಿ ಬರೆದದ್ದು

"ಇದನ್ನ ಕೇಳಿ ಬರೆದ್ರಾ?" ಎಂದು ಹೆಂಡತಿ ಬೆಳಿಗ್ಗೆ ಅಂದದ್ದು ಕಚೇರಿಯ ಮೂರನೆಯ ಮಹಡಿ ಹತ್ತುವಾಗಲೂ ಅವನ ಕಿವಿ ಬಿಟ್ಟು ಹೋಗಿರಲಿಲ್ಲ. ಲಿಫ್ಟ್ ಕೆಟ್ಟಿತ್ತು. ಪ್ರತಿ ಗುರುವಾರ ಪತ್ರಿಕೆ ಬಂದ ಕೂಡಲೇ ಅವಳು ಪುರವಣಿ ಬಿಡಿಸಿ ಅವನ ಅಂಕಣವನ್ನು ಗಟ್ಟಿಯಾಗಿ ಓದುವುದು, ಅವನು ಕಾಫಿ ಲೋಟ ಹಿಡಿದು ಕಿಟಕಿಯ ಕಡೆ ಮುಖ ಮಾಡಿ, ಬೇರೇನೋ ಯೋಚಿಸುತ್ತಿರುವವನಂತೆ ತನ್ನ ವಾಕ್ಯಗಳನ್ನು ತಾನೇ ಚಪ್ಪರಿಸುವುದು ಹನ್ನೊಂದು ವರ್ಷದ ರೂಢಿ. ಅಂಕಣದ ಹೆಸರು ‘ಅಂದ ಹಾಗೆ’. ಮುನ್ನೂರು ಪದ, ಅದರಲ್ಲಿ ಆ ವಾರದ ಸಿನಿಮಾ, ಧಾರಾವಾಹಿ, ಹಾಡು, ಕುಣಿತದ ಸ್ಪರ್ಧೆ, ಯಾವ ನಟಿ ಯಾರ ಮದುವೆಗೆ ಏನು ಉಟ್ಟುಕೊಂಡು ಹೋದಳು ಎಂಬುದರವರೆಗೆ ಎಲ್ಲದರ ಬಗ್ಗೆಯೂ ಅವನಿಗೆ ಅನಿಸಿದ್ದು. ಕಚೇರಿಯಲ್ಲಿ ಅವನ ಹೆಸರೇ ಅಂದಹಾಗೆ ಎಂದಾಗಿಹೋಗಿತ್ತು. ಈ ಗುರುವಾರ ಅವಳು ಒಂದು ಕಡೆ ತಡೆದು ನಿಂತಳು. ‘ಮಧ್ಯಾಹ್ನ ಮೂರರ ಧಾರಾವಾಹಿಯಲ್ಲಿ ಆ ಅತ್ತೆ ಬಾಯಿ ತೆರೆದರೆ ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿರುತ್ತದೆ. ಈ ದನಿಯ ಜೊತೆ ಒಂದೇ ಸೂರಿನಡಿ ಬಾಳುತ್ತಿರುವ ಗಂಡ ಯಾರೋ, ಅವನ ಕಿವಿಗಳಿಗೆ ನನ್ನ ಸಂತಾಪ.’ ಅವಳು ಆ ಎರಡು ವಾಕ್ಯಗಳನ್ನು ಇನ್ನೊಮ್ಮೆ ಓದಿದಳು. ಇಷ್ಟವಾಗಿರಬೇಕು ಎಂದುಕೊಂಡ. ಆಗ ಆ ಪ್ರಶ್ನೆ ಬಂತು. "ಕೇಳದೆ ಬರೀತೀನಾ?" ಎಂದ, ಸ್ವಲ್ಪ ಜೋರಾಗಿಯೇ. ಅವಳು ಪುರವಣಿಯ ಹಿಂದಿನಿಂದ ಅವನನ್ನು ಒಂದು ಕ್ಷಣ ನೋಡಿ ನಕ್ಕಳು. ಅವನು ಕೇಳದೆಯೇ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದಳು.

ಆ ನಗು ಅವನಿಗೆ ಹಿಡಿಸಲಿಲ್ಲ. ಕೇಳಿ ಬರೆದದ್ದು ಅಂದರೆ ಕಿವಿಯಾರೆ ಕೇಳಿ ಬರೆದದ್ದು ಎಂದೂ ಆಗುತ್ತದೆ, ಯಾರನ್ನೋ ಕೇಳಿ ಬರೆದದ್ದು ಎಂದೂ ಆಗುತ್ತದೆ. ಎರಡನೆಯದು ಅವಳಿಗೆ ಗೊತ್ತಾಗಿದೆಯೋ ಏನೋ. ನಿಜ ಹೇಳಬೇಕೆಂದರೆ ಆ ಅತ್ತೆ ಬಾಯಿ ತೆರೆದದ್ದನ್ನು ಅವನು ನೋಡಿದ್ದ, ಕೇಳಿರಲಿಲ್ಲ. ವರ್ಷಗಳಿಂದ ಅವನು ಟೀವಿಯ ದನಿ ಪೂರ್ತಿ ಕಡಿಮೆ ಮಾಡಿ ಎದುರು ಕೂತು ಬರೆಯುವವನು. ದನಿ ತೆಗೆದರೆ ಕಲೆಯ ಬಣ್ಣ ಬಯಲಾಗುತ್ತದೆ ಎಂದು ಒಮ್ಮೆ ಅಂಕಣದಲ್ಲೂ ಬರೆದುಕೊಂಡಿದ್ದ. ನಲವತ್ತು ಜನ ಅದನ್ನು ಮೆಚ್ಚಿ ಪತ್ರ ಹಾಕಿದ್ದರು. ಸಿನಿಮಾಗಳಲ್ಲಿ ಮೊದಲ ಅರ್ಧ ಗಂಟೆ ಕೂರುತ್ತಿದ್ದ, ನಾಯಕ ಬಸ್ಸಿನಿಂದ ಇಳಿದು ಬಾಗಿಲವರೆಗೆ ನಡೆಯುವುದಕ್ಕೇ ಅಷ್ಟು ಹೊತ್ತು ಹಿಡಿಯುತ್ತದೆ, ಮಿಕ್ಕದ್ದನ್ನು ಯಾರು ಬೇಕಾದರೂ ಊಹಿಸಬಹುದು. ಹಾಡುಗಳಿಗೆ ಅಷ್ಟೂ ಬೇಕಿರಲಿಲ್ಲ. ಈಗಿನ ಗಾಯಕರು ಹಾಡುವುದಕ್ಕಿಂತ ಉಸಿರು ಬಿಡುವುದೇ ಹೆಚ್ಚು ಎಂಬ ಒಂದು ಮಾತು ಮೂರು ವರ್ಷ ಬಾಳಿಕೆ ಬಂದಿತ್ತು. ಹಾಡಿನ ಸ್ಪರ್ಧೆಗಳ ತೀರ್ಪುಗಾರರು ಅಳುತ್ತಾರೆ, ಅವರ ಕಣ್ಣೀರಿಗೆ ಇವನು ಅಂಕ ಕೊಡುತ್ತಿದ್ದ. ಪೂರ್ತಿ ನೋಡದೆ ಬಿಟ್ಟ ಎಲ್ಲದಕ್ಕೂ ಅವನ ಹತ್ತಿರ ಒಂದು ಸಿದ್ಧ ತೀರ್ಪಿತ್ತು: ಪರವಾಗಿಲ್ಲ. ಅದು ಬೈಗುಳವೂ ಅಲ್ಲ ಹೊಗಳಿಕೆಯೂ ಅಲ್ಲ, ಯಾರೂ ಬಂದು ಕೊರಳಪಟ್ಟಿ ಹಿಡಿಯುವಂತಿಲ್ಲ. ಅದು ಸಾಲದೆ ಹೋದಾಗ ಪುಟ ಕಟ್ಟುವವನನ್ನು ಕೇಳುತ್ತಿದ್ದ.

ಪುಟ ಕಟ್ಟುವವನು ಎಂದರೆ ಕಂಪ್ಯೂಟರಿನಲ್ಲಿ ಪುರವಣಿಯ ಪುಟಗಳನ್ನು ಜೋಡಿಸುವವನು. ಇವನಿಗಿಂತ ಹತ್ತು ವರ್ಷ ಚಿಕ್ಕವನು, ಎಲ್ಲವನ್ನೂ ನೋಡುವವನು, ನೋಡಿದ್ದನ್ನೆಲ್ಲ ಪ್ರೀತಿಸುವವನು. ಕಳೆದ ಶುಕ್ರವಾರ ಊಟದ ಹೊತ್ತಿನಲ್ಲಿ ಇವನು, "ಆ ಮೂರು ಗಂಟೆ ಸೀರಿಯಲ್ಲಿನ ಅತ್ತೆ ಹೇಗಯ್ಯ?" ಎಂದು ಕೇಳಿದಾಗ ಅವನು ಬಾಯಿ ತುಂಬ ತುತ್ತಿಟ್ಟುಕೊಂಡು, "ವಾಯ್ಸು ಡಬ್ಬು ಅಣ್ಣ" ಎಂದು ಇನ್ನೂ ಏನೇನೋ ಹೇಳಿದ್ದ. ಡಬ್ಬ ಎಂಬ ಪದ ಸಿಕ್ಕಿದ ಮೇಲೆ ಇವನಿಗೆ ಮಿಕ್ಕ ಮಾತು ಬೇಕಿರಲಿಲ್ಲ. ತಗಡು ಬಂತು, ಕಲ್ಲು ಬಂತು, ಗಂಡ ತಾನಾಗಿಯೇ ಬಂದ. ಬಹಳ ದಿನಗಳ ಮೇಲೆ ಒಂದು ವಾಕ್ಯ ಬರೆದು ತಾನೇ ನಕ್ಕಿದ್ದ.

ಕಚೇರಿಯ ಬಾಗಿಲು ತಳ್ಳಿದ ಕೂಡಲೇ ಪುರವಣಿಯ ಮುಖ್ಯಸ್ಥೆ ಎದ್ದು ನಿಂತಳು. ಅದೇ ಒಂದು ವಿಚಿತ್ರ. ಒಂದು ಕಾಲಕ್ಕೆ ಅವನ ಕೈಕೆಳಗೆ ಕರಡು ತಿದ್ದುತ್ತಿದ್ದವಳು ಅವಳು. ಈಗ ಗಾಜಿನ ಕೋಣೆ ಅವಳದು, ಕಿಟಕಿ ಅವಳದು, ಅವನ ಮುನ್ನೂರು ಪದಗಳಲ್ಲಿ ಎಷ್ಟು ಉಳಿಯಬೇಕೆಂಬುದೂ ಅವಳ ಇಷ್ಟ. ಇಷ್ಟು ದಿನ ಅವನು ಬಂದರೂ ಹೋದರೂ ತಲೆ ಎತ್ತಿದವಳಲ್ಲ.

"ಏನ್ ಸಾರ್ ನೀವು! ಒಂದೇ ಏಟಿಗೆ!" ಎಂದಳು. "ಚಾನೆಲ್‌ನೋರು ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಮಾಡಿದ್ರು. ನಿಮ್ಮ ಮಾತನ್ನ ಗಂಭೀರವಾಗಿ ತಗೊಂಡಿದ್ದಾರಂತೆ. ಆ ಅತ್ತೆಗೆ ದನಿ ಕೊಡೋರನ್ನ ಸೋಮವಾರದಿಂದ ಬದಲಾಯಿಸ್ತಾರಂತೆ."

"ದನಿ ಕೊಡೋರು ಅಂದ್ರೆ?"

"ಅದು ಡಬ್ಬಿಂಗ್ ಅಲ್ವಾ ಸಾರ್. ಬೇರೆ ಭಾಷೆದು." ಅವಳು ಅವನನ್ನು ಒಂದು ಗಳಿಗೆ ಓರೆಗಣ್ಣಿನಿಂದ ನೋಡಿ, ಆಮೇಲೆ ಅದನ್ನು ಬಿಟ್ಟುಹಾಕಿದಳು. "ಮುಂದಿನ ವಾರದಿಂದ ಅಂಕಣದ ಜೊತೆ ನಿಮ್ಮ ಫೋಟೋ ಹಾಕೋಣ. ಹೊಸದು ತೆಗೆಸಿ. ಮೊದಲು ಆ ಗಡ್ಡ ಒಂದು ತೆಗೆಸಿ."

ಹನ್ನೊಂದು ವರ್ಷ. ಐನೂರಕ್ಕೂ ಹೆಚ್ಚು ವಾರ. ಅವನು ಕೆಟ್ಟದೆಂದ ಸಿನಿಮಾಗಳು ನೂರು ದಿನ ಓಡಿದ್ದವು, ಅಳಿಸಿಹಾಕಬೇಕೆಂದ ಹಾಡುಗಳನ್ನು ಮದುವೆ ಮನೆಗಳಲ್ಲಿ ಅವನ ಕಿವಿಯ ಪಕ್ಕದಲ್ಲೇ ಹಾಕಿದ್ದರು, ಕತೆ ಮುಗಿಯಿತು ಎಂದು ಅವನು ಬರೆದಿದ್ದ ನಟ ಈಗ ಹಲ್ಲುಜ್ಜುವ ಪೇಸ್ಟಿನಿಂದ ಹಿಡಿದು ಸಿಮೆಂಟಿನವರೆಗೆ ಎಲ್ಲವನ್ನೂ ಮಾರುತ್ತಿದ್ದ. ಇಂದು ಮೊಟ್ಟಮೊದಲು ಅವನ ಮಾತಿನಿಂದ ಲೋಕದಲ್ಲಿ ಒಂದು ಕಡ್ಡಿ ಅಲ್ಲಾಡಿತ್ತು. ಎಲ್ಲೋ ಒಬ್ಬಳ ಕೆಲಸ ಹೋಗಿರಬೇಕು ಎಂಬುದು ಹೊಳೆಯದೆ ಇರಲಿಲ್ಲ. ಹೊಳೆದು, ವಿಮರ್ಶೆ ಎಂದ ಮೇಲೆ ಅದೆಲ್ಲ ಇದ್ದದ್ದೇ ಎಂದು ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಪುಟ ಕಟ್ಟುವವನು ಮಾತ್ರ ಮುಖ ಸಪ್ಪಗೆ ಮಾಡಿಕೊಂಡು ಅವನ ಮೇಜಿನ ಹತ್ತಿರ ಬಂದ. "ಅಣ್ಣ, ನಾನು ಹಾಗಂದಿರಲಿಲ್ಲ. ಡಬ್ಬು ಅಂದೆ. ಡಬ್ ಮಾಡಿರೋದು ಅಂತ ಗೊತ್ತೇ ಆಗಲ್ಲ, ಅಷ್ಟು ಚೆನ್ನಾಗಿದೆ ಅಂದೆ. ನಮ್ಮತ್ತೇನೇ ಮಾತಾಡಿದ ಹಾಗಿರುತ್ತೆ ಅಂದೆ." ಇವನು ಪೆನ್ನಿನ ಮುಚ್ಚಳ ತೆಗೆದು ಹಾಕಿದ. "ನಿಂದು ನಿನ್ನ ಅಭಿಪ್ರಾಯ, ನಂದು ನನ್ನದು" ಎಂದ. ಕೇಳಿದ್ದೇನೋ ಕೇಳಿದ್ದ, ಕೇಳಿಸಿಕೊಂಡಿರಲಿಲ್ಲ, ಅಷ್ಟೇ. ಗಡ್ಡ ತೆಗೆಸುವ ನೆಪ ಸಿಕ್ಕಿದ್ದು ಒಳ್ಳೆಯದೇ ಆಯಿತು ಎಂದುಕೊಂಡು ಎರಡೂವರೆಗೇ ಕಚೇರಿಯಿಂದ ಇಳಿದ.

ಫೋಟೋವನ್ನು ಹೆಂಡತಿ ಕೆಲಸ ಮಾಡುವ ಸ್ಟುಡಿಯೋದಲ್ಲೇ ತೆಗೆಸಿದರಾಯಿತು. ನಾಲ್ಕು ತಿಂಗಳ ಹಿಂದೆ ಅವಳು, "ರೀ, ಸ್ಟುಡಿಯೋದಲ್ಲಿ ಕೆಲಸ ಸಿಕ್ತು, ಮಧ್ಯಾಹ್ನದ ಹೊತ್ತು" ಎಂದಿದ್ದಳು. ಅವನು ಬರೆಯುತ್ತಿದ್ದ, "ಹೂಂ, ಒಳ್ಳೇದು" ಎಂದಿದ್ದ. ಎಲ್ಲಿ, ಏನು, ಕೇಳಿರಲಿಲ್ಲ. ಕೌಂಟರಿನಲ್ಲಿ ಕೂತು ಚೀಟಿ ಹರಿದು ಕೊಡುವುದಿರಬೇಕು. ಆಮೇಲಿಂದ ಅವಳು ಬೆಳಿಗ್ಗೆ ಎದ್ದು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದಳು, ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುತ್ತಿದ್ದಳು, ತಣ್ಣಗಿನದು ಏನನ್ನೂ ಮುಟ್ಟುತ್ತಿರಲಿಲ್ಲ. ಏಸಿ ಕೋಣೆಯಲ್ಲಿ ಕೂತು ಶೀತ ಹತ್ತಿರಬೇಕು ಎಂದುಕೊಂಡಿದ್ದ. ಒಂದು ದಿನ, "ಅಲ್ಲೇ ನಂದೂ ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಿಕೊಡ್ತೀಯಾ?" ಎಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ತಮಾಷೆ ಎಂದುಕೊಂಡಳು. ಅವನು ಆ ನಗುವನ್ನು ಒಪ್ಪಿಗೆ ಎಂದುಕೊಂಡ.

ಸಲೂನಿನಲ್ಲಿ ಎರಡೇ ಕುರ್ಚಿ, ಒಂದಕ್ಕೆ ಹಿಡಿಕೆಯಿಲ್ಲ. ಸಲೂನಿನವನು ಅವನನ್ನು ಹಿಡಿಕೆಯಿದ್ದ ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಸುತ್ತಿ, ತಲೆಯನ್ನು ಹಿಂದಕ್ಕೆ ಒರಗಿಸಿ, ಕತ್ತರಿಗಿಂತ ಮೊದಲು ಬಾಯಿ ಆಡಿಸಲು ಶುರುಮಾಡಿದ. "ಓದ್ದೆ ಸಾರ್ ಬೆಳಿಗ್ಗೆ. ಡಬ್ಬದ ಅತ್ತೆ! ಇಡೀ ಬೀದಿ ಅದೇ ಮಾತು." ಗಡ್ಡಕ್ಕೆ ನೊರೆ ಹಚ್ಚುತ್ತ ಅವನು ಒಬ್ಬೊಬ್ಬರನ್ನೇ ವಿಚಾರಣೆಗೆ ತೆಗೆದುಕೊಂಡ. ಆ ಸೊಸೆ ಒಮ್ಮೆ ಕಣ್ಣು ಬಿಡುವುದಕ್ಕೆ ಒಂದು ಕಂತು, ಮುಚ್ಚುವುದಕ್ಕೆ ಇನ್ನೊಂದು. ಹೊಸ ಸಿನಿಮಾದ ನಾಯಕನಿಗೆ ತಲೆಗೂದಲು ಮಾತ್ರ ನಟಿಸಲು ಬರುತ್ತದೆ, ಅದೂ ಅವನದ್ದಲ್ಲ, ಈ ಕೆಲಸದಲ್ಲಿರುವವನಿಗೆ ಅದು ನೋಡಿದ ಕೂಡಲೇ ಗೊತ್ತಾಗುತ್ತದೆ. ಅವನ ಮಾತುಗಳು ತನ್ನ ಅಂಕಣಕ್ಕಿಂತ ಚೆನ್ನಾಗಿವೆ ಎಂದು ಅನಿಸಿ ಇವನಿಗೆ ಕಸಿವಿಸಿಯಾಯಿತು. ಒಂದೆರಡನ್ನು ನೆನಪಿಟ್ಟುಕೊಳ್ಳಬೇಕು ಎಂದೂ ಅನಿಸಿತು. "ಮೂರಾಯ್ತು" ಎಂದು ಸಲೂನಿನವನು ಮೂಲೆಯ ಟೀವಿ ಹಾಕಿದ. "ಇವತ್ತಿಂದು ಹೊಸ ಕಂತು, ಬಿಡೋ ಹಾಗಿಲ್ಲ." ಕತ್ತಿ ಕೆನ್ನೆಗೆ ಬಂತು. ಅವನು ಕಣ್ಣು ಮುಚ್ಚಿದ. ಟೀವಿಯ ರಿಮೋಟು ತನ್ನ ಕೈಯಲ್ಲಿಲ್ಲದ, ದನಿಯನ್ನು ಕಡಿಮೆ ಮಾಡಲಾಗದ ಜಾಗದಲ್ಲಿ ಕೂತು ಎಷ್ಟು ವರ್ಷವಾಯಿತೋ.

ಸಂಗೀತ ಢಂ ಎಂದು ಬಂದು ಹೋಯಿತು. ಯಾವುದೋ ಬಾಗಿಲು ತೆರೆದುಕೊಂಡಿತು. "ಬಂದ್ರಾ? ಚಪ್ಪಲಿ ಅಲ್ಲೇ ಬಿಡಿ, ನೆಲ ಒದ್ದೆ ಇದೆ."

"ಹೂಂ" ಎಂದು ಅವನು ಕಾಲುಗಳನ್ನು ಸರಕ್ಕನೆ ಮೇಲಕ್ಕೆತ್ತಿಕೊಂಡ.

"ಅಯ್ಯೋ, ಅಲ್ಲಾಡಬೇಡಿ ಸಾರ್!" ಕತ್ತಿ ಗದ್ದಕ್ಕೆ ತಗುಲಿತ್ತು. "ಯಾರಿಗೆ ಹೂಂ ಅಂದ್ರಿ?"

ಅವನು ಕಣ್ಣು ಬಿಟ್ಟ. ಪರದೆಯ ಮೇಲೆ ಕೊರಳ ತುಂಬ ಒಡವೆ ಹೇರಿಕೊಂಡ, ದನಿ ತೆಗೆದು ಅವನು ನೋಡಿದ್ದ ಅದೇ ದಪ್ಪ ಹೆಂಗಸು ಇನ್ನೂ ತುಟಿ ಅಲ್ಲಾಡಿಸುತ್ತಿದ್ದಳು, ಆ ತುಟಿಗಳಿಂದ ಅವನ ಹೆಂಡತಿಯ ದನಿ ಬರುತ್ತಿತ್ತು. ಮತ್ತೆ ಕಣ್ಣು ಮುಚ್ಚಿದ. ಈಗ ಆ ದನಿ ಸೊಸೆಯನ್ನು ಬೈಯುತ್ತಿತ್ತು. ಮನೆಯಲ್ಲಿ ಅದು ಗ್ಯಾಸು ಮುಗಿಯಿತು, ಕೀಲಿ ಮರೆಯಬೇಡಿ, ಹಾಲಿನವನಿಗೆ ಹೇಳಿ ಎನ್ನುವ ದನಿ; ಇಲ್ಲಿ ಅದು ಗದರಿತು, ಸುಳ್ಳು ಹೇಳಿತು, ಸುಳ್ಳು ಹೇಳಿ ಸಿಕ್ಕಿಬೀಳುವ ಮೊದಲು ಒಂದು ಚೂರು ತಡೆಯಿತು, ಯಾರೂ ಇಲ್ಲದ ಕೋಣೆಗೆ ಹೋಗಿ ಅತ್ತಿತು. ಅಳು ಕೇಳಿ ಸಲೂನಿನವನ ಕೈ ನಿಂತಿತ್ತು. "ನಂಗೆ ನಿನ್ನೆವರೆಗೂ ಚೆನ್ನಾಗೇ ಕೇಳಿಸ್ತಿತ್ತು ಸಾರ್" ಎಂದ, ಸ್ವಲ್ಪ ಹೊತ್ತಿನ ಮೇಲೆ. "ನೀವು ಬರೆದ್ರಲ್ಲ, ಈಗ ಡಬ್ಬದ ಹಾಗೇ ಕೇಳಿಸ್ತಿದೆ." ಅವನಿಗೆ ಡಬ್ಬದ ಹಾಗೆ ಕೇಳಿಸಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಕಚೇರಿಯ ವಾರ್ಷಿಕೋತ್ಸವದ ನಾಟಕದಲ್ಲಿ ರಾಣಿಯ ಪಾತ್ರ ಮಾಡಿದ್ದಳು, ಅವನು ಹಿಂದಿನ ಸಾಲಿನಲ್ಲಿ ಕೂತಿದ್ದ, ಬರುವಾಗ ಬಸ್ಸಿನಲ್ಲಿ ಅವಳು ಇನ್ನೂ ಅಳಿಸದ ಬಣ್ಣದ ಮುಖದಲ್ಲಿ "ಹೇಗಿತ್ತು?" ಎಂದಳು. "ಪರವಾಗಿಲ್ಲ" ಎಂದಿದ್ದ. ಅವಳು ಕಿಟಕಿಯ ಕಡೆ ತಿರುಗಿ ಕರವಸ್ತ್ರದಿಂದ ಬಣ್ಣ ಒರೆಸಿಕೊಂಡಳು. ಮತ್ತೆ ನಾಟಕದ ಸುದ್ದಿ ಎತ್ತಲಿಲ್ಲ, ಅವನಿಗೆ ಅದು ಇಷ್ಟು ವರ್ಷ ನೆನಪೂ ಬಂದಿರಲಿಲ್ಲ. ಸಲೂನಿನವನು ಗದ್ದದ ಗಾಯಕ್ಕೆ ಪಟಿಕದ ಕಲ್ಲು ಒತ್ತಿದ. ಉರಿಯಿತು.

ಬೀದಿಗೆ ಬಂದು ಮುಖ್ಯಸ್ಥೆಗೆ ಫೋನ್ ಮಾಡಿದ. ಆ ದನಿಯ ವಿಷಯ, ತಾನು ಪೂರ್ತಿ ಕೇಳಿರಲಿಲ್ಲ, ಸ್ವಲ್ಪ ಅವಸರವಾಯಿತು, ಚಾನೆಲ್‌ನವರಿಗೆ ಒಂದು ಮಾತು ಹೇಳಿದರೆ ಹೇಗೆ ಎಂದು ತಡವರಿಸಿದ. ಆ ದನಿ ಹೆಂಡತಿಯದು ಎಂಬ ಮಾತನ್ನು ಮಾತ್ರ ಹೊರಗೆ ಬಿಡಲಿಲ್ಲ. ಬಿಟ್ಟಿದ್ದರೆ ನಾಳೆ ಇಡೀ ಮೂರನೆಯ ಮಹಡಿಗೆ ಅವನು ನಗೆಪಾಟಲು.

"ಕೇಳದೆ ಬರೆಯೋದು ನಿಮಗೆ ಹೊಸದಾ ಸಾರ್?" ಎಂದಳು ಅವಳು, ಬೇಸರವಿಲ್ಲದೆ. ಅಂದರೆ ಎಲ್ಲರಿಗೂ ಗೊತ್ತಿತ್ತು. "ಬೇರೆಯವರನ್ನ ಗೊತ್ತು ಮಾಡಿ ಆಗಿದೆಯಂತೆ. ಬೇಕಾದ್ರೆ ಮುಂದಿನ ವಾರ ಅದನ್ನೇ ಬರೀರಿ, ಕೇಳದೆ ಬರೆದಿದ್ದೆ, ತಪ್ಪಾಯ್ತು ಅಂತ. ಮುನ್ನೂರು ಪದ. ಪ್ರಾಮಾಣಿಕತೆ ಈಗ ಚೆನ್ನಾಗಿ ಓಡ್ತಿದೆ."

ಮನೆಯವರೆಗೆ ನಡೆದೇ ಹೋದ. ದಾರಿಯುದ್ದಕ್ಕೂ ಎರಡು ಉತ್ತರಗಳನ್ನು ಅಳೆದು ನೋಡಿದ. ಕೇಳಿ ಬರೆದೆ ಎಂದರೆ, ಇಪ್ಪತ್ತೆರಡು ವರ್ಷ ಜೊತೆಗಿದ್ದ ದನಿಯ ಗುರುತು ಹಿಡಿಯಲಿಲ್ಲ ಎಂದಾಗುತ್ತದೆ. ಕೇಳದೆ ಬರೆದೆ ಎಂದರೆ, ಹನ್ನೊಂದು ವರ್ಷದಿಂದ ಗುರುವಾರ ಬೆಳಿಗ್ಗೆ ಅವಳು ಪ್ರೀತಿಯಿಂದ ಓದಿದ್ದೆಲ್ಲ ಬರೀ ಗಾಳಿ ಎಂದಾಗುತ್ತದೆ. ಯಾವುದರಲ್ಲಿ ತನ್ನ ಮಾನ ಕಡಿಮೆ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೇನೆ, ಅವಳ ಕೆಲಸ ಹೋದದ್ದನ್ನು ಯೋಚಿಸುತ್ತಿಲ್ಲ ಎಂಬುದು ಮನೆಯ ತಿರುವಿನಲ್ಲಿ ಅವನ ಗಮನಕ್ಕೆ ಬಂತು. ನಾಚಿಕೆಯಾಯಿತು. ಈ ನಾಚಿಕೆಯನ್ನು ಅಂಕಣದಲ್ಲಿ ಹೇಗೆ ಬರೆಯಬಹುದು ಎಂದು ಒಂದು ವಾಕ್ಯವೂ ಅದರ ಹಿಂದೆಯೇ ಬಂತು, ಅದಕ್ಕೆ ಇನ್ನೂ ನಾಚಿಕೆಯಾಯಿತು.

ಅವಳು ಬಾಗಿಲು ತೆರೆದಳು. ಅಳುತ್ತಿರಬಹುದು, ಮಾತು ಬಿಟ್ಟಿರಬಹುದು ಎಂದು ತಯಾರಾಗಿ ಬಂದಿದ್ದ. ಅವಳ ಮುಖದಲ್ಲಿ ಬೆಳಗಿನ ನಗು ಹಾಗೇ ಇತ್ತು. ಫ್ಲಾಸ್ಕು ತೊಳೆದು ಬೋರಲು ಹಾಕಿದ್ದಳು.

"ಬೇಗ ಬಂದ್ರಲ್ಲ. ಅಯ್ಯೋ, ಗದ್ದಕ್ಕೆ ಏನ್ ಮಾಡ್ಕೊಂಡ್ರಿ?" ಎಂದು ಹತ್ತಿರ ಬಂದು ಬೆರಳಿನಿಂದ ಮುಟ್ಟಿದಳು. "ಕೂತ್ಕೊಳಿ. ಒಂದು ಸುದ್ದಿ ಇದೆ. ನನ್ನ ಕೆಲಸ ಹೋಯ್ತು." ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು. "ನೀವೇನೂ ಹೇಳಬೇಡಿ. ನಂಗೆ ಬೇಜಾರಿಲ್ಲ. ಅವರಿಗೆ ತಮಾಷೆ ಅರ್ಥ ಆಗಲ್ಲ ಅಷ್ಟೇ. ರೆಕಾರ್ಡಿಂಗ್ ಮಾಡೋರಿಗೆ ಹೇಳ್ದೆ, ಅಯ್ಯೋ ಅದು ನಮ್ಮನೆಯವರು ನನ್ನನ್ನೇ ಕಿಚಾಯಿಸಿ ಬರೆದಿದ್ದು ಅಂತ. ನಂಬ್ತಾನೇ ಇಲ್ಲ ಅವರು."

ಅವನು ಕುರ್ಚಿಯ ಅಂಚಿನಲ್ಲಿ ಕೂತ.

"ನಾನೂ ಮೊದಲು ಬೆಚ್ಚಿಬಿದ್ದೆ" ಎಂದಳು ಅವಳು, ಎದುರು ಕೂತು. "ಆಮೇಲೆ ಇನ್ನೊಂದು ಸಲ ಓದಿದಾಗ ಗೊತ್ತಾಯ್ತು. ಈ ನಟಿಯ ಜೊತೆ ಅಂತ ಬರೆದಿಲ್ಲ ನೀವು, ಈ ದನಿಯ ಜೊತೆ ಅಂತ ಬರೆದಿದ್ದೀರಿ. ಒಂದೇ ಸೂರಿನಡಿ ಬಾಳೋ ಗಂಡ! ಅಬ್ಬಾ, ಎಷ್ಟು ನಗು ಬಂತು ಅಂತೀರಿ. ಅದಕ್ಕೇ ಕೇಳಿದ್ದು, ಕೇಳಿ ಬರೆದ್ರಾ ಅಂತ. ನಾಲ್ಕು ತಿಂಗಳಿಂದ ಕಾಯ್ತಿದ್ದೆ ರೀ, ನೀವು ಯಾವತ್ತು ಕಂಡುಹಿಡೀತೀರಿ ಅಂತ. ಎಷ್ಟೋ ಸಲ ಆ ಹೆಂಗಸಿನ ತುಟಿ ಇನ್ನೂ ಅಲ್ಲಾಡ್ತಿರುತ್ತೆ, ಬರೆದುಕೊಟ್ಟಿರೋ ಮಾತು ಮುಗಿದುಹೋಗಿರುತ್ತೆ. ಅಂಥ ಕಡೆ ನಮ್ಮನೆ ಮಾತು ತುಂಬಿಸಿಬಿಡ್ತಿದ್ದೆ. ಬೇರೆಯವರಿಗೆ ಏನೂ ಗೊತ್ತಾಗಲ್ಲ. ನೀವು ಕೇಳಿದ್ರೆ ಗೊತ್ತಾಗುತ್ತೆ ಅಂತ."

ಒಂದು ‘ಹೂಂ’ ಸಾಕಿತ್ತು. ಅವನಿಗೆ ಅರ್ಹತೆಯಿಲ್ಲದ ಇಷ್ಟು ದೊಡ್ಡ ಸಂತೋಷವನ್ನು ಅವಳು ತಟ್ಟೆಯಲ್ಲಿಟ್ಟು ಮುಂದೆ ಹಿಡಿದಿದ್ದಳು. ಕೈ ಚಾಚಿ ತೆಗೆದುಕೊಳ್ಳುವುದಷ್ಟೇ ಬಾಕಿ. ತೆಗೆದುಕೊಂಡರೆ ಅವಳಿಗೂ ಒಳ್ಳೆಯದೇ, ಕೆಲಸ ಹೋದ ದಿನ ಇಷ್ಟಾದರೂ ಉಳಿಯಲಿ ಎಂದು ಅವನು ತನಗೇ ಹೇಳಿಕೊಂಡ. "ಕೇಳದೆ ಇರ್ತೀನಾ?" ಎಂದ. ದನಿ ಸ್ವಲ್ಪ ನಡುಗಿತು. ಅದು ಪ್ರೀತಿಯಿಂದ ನಡುಗಿದ ಹಾಗೂ ಕೇಳಿಸಿತು. "ಕೇಳಿದ ಕೂಡಲೇ ಗೊತ್ತಾಯ್ತು ನಂಗೆ."

"ಹೌದಾ!" ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಯಾವ ಮಾತಿಗೆ? ಹೇಳಿ, ಯಾವ ಮಾತಿಗೆ ಗೊತ್ತಾಯ್ತು?"

ಇಡೀ ದಿನದಲ್ಲಿ ಅವನ ಹತ್ತಿರ ಇದ್ದ ಒಂದೇ ಒಂದು ನಿಜ ಅದು. ಕಣ್ಣು ಮುಚ್ಚಿ, ಕತ್ತಿಗೆ ಕೊರಳೊಡ್ಡಿ ಕೇಳಿದ್ದು. ಯಾರನ್ನೂ ಕೇಳಿ ತಿಳಿದದ್ದಲ್ಲ. ಅದನ್ನು ಹೇಳುವಾಗ ಅವನಿಗೆ ಹೆಮ್ಮೆಯೂ ಆಯಿತು. "ಬಂದ್ರಾ, ಚಪ್ಪಲಿ ಅಲ್ಲೇ ಬಿಡಿ, ನೆಲ ಒದ್ದೆ ಇದೆ" ಎಂದ. "ಆ ಮಾತಿಗೆ. ನಾನು ಹೂಂ ಅಂದುಬಿಟ್ಟೆ ಗೊತ್ತಾ? ಕಾಲು ಎತ್ತಿಕೊಂಡೆ."

ಅವಳು ನಗಲು ಶುರುಮಾಡಿದ್ದಳು. ಶುರುಮಾಡಿದ ನಗು ಮುಖದ ಮೇಲೆ ಹಾಗೇ ಸ್ವಲ್ಪ ಹೊತ್ತು ಇತ್ತು, ಅದರ ಹಿಂದೆ ಅವಳು ಏನನ್ನೋ ಎಣಿಸುತ್ತಿದ್ದಳು.

"ಅದು ಇವತ್ತು ಮೂರು ಗಂಟೆ ಕಂತು" ಎಂದಳು.

ಗಡಿಯಾರದಲ್ಲಿ ನಾಲ್ಕೂವರೆ. ಮೇಜಿನ ಮೇಲೆ ಬೆಳಗಿನ ಪುರವಣಿ ಬಿಡಿಸಿದಂತೆಯೇ ಬಿದ್ದಿತ್ತು, ಅವನ ಅಂಕಣದ ಮೇಲೆ ಕಾಫಿ ಲೋಟದ ಗುರುತು ದುಂಡಗೆ ಕೂತಿತ್ತು. ಪುಟ ಕಟ್ಟುವವನು, ತುತ್ತು, ಡಬ್ಬು, ದನಿ ತೆಗೆದ ಟೀವಿ, ಎಲ್ಲ ಒಟ್ಟಿಗೆ ನಾಲಗೆಯ ಹತ್ತಿರ ಬಂದು ಒಂದಕ್ಕೊಂದು ದಾರಿ ಬಿಡದೆ ನಿಂತವು. "ಅಂದ ಹಾಗೆ," ಎಂದ, ಅಭ್ಯಾಸಬಲದಿಂದ. ಮುಂದೆ ಏನೂ ಇರಲಿಲ್ಲ.

ಅವಳು ಎದ್ದಳು. ಪುರವಣಿಯನ್ನು ಮಡಿಸಿದಳು, ಹಳೆಯ ಪತ್ರಿಕೆಗಳ ಜೊತೆ ಇಟ್ಟಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವನ ಕಡೆ ತಿರುಗದೆ, "ಪರವಾಗಿಲ್ಲ" ಎಂದಳು.

ಅವನು ಕಿವಿಗೊಟ್ಟ. ಜೀವಮಾನದಲ್ಲಿ ಇಷ್ಟು ಗಮನವಿಟ್ಟು ಅವನು ಯಾವುದನ್ನೂ ಕೇಳಿರಲಿಲ್ಲ. ಕ್ಷಮಿಸಿದ ದನಿಯೋ, ಸೊಸೆಗೆ ಸುಳ್ಳು ಹೇಳುವ ಅತ್ತೆಯ ದನಿಯೋ, ಬಸ್ಸಿನ ಕಿಟಕಿಯ ಕಡೆ ತಿರುಗಿ ಬಣ್ಣ ಒರೆಸಿಕೊಂಡವಳದೋ, ಅವನಿಗೆ ಹೇಳಲಾಗಲಿಲ್ಲ. "ಏನಂದೆ?" ಎಂದು ಕೂಗಿದ. ಒಳಗೆ ನಲ್ಲಿ ತಿರುಗಿಸಿದ ಸದ್ದಾಯಿತು. "ಏನೋ ಅಂದೆಯಲ್ಲ, ಇನ್ನೊಂದು ಸಲ ಹೇಳು" ಎಂದ. ನೀರು ಬೀಳುತ್ತಿತ್ತು. ಅವಳು ಇನ್ನೊಂದು ಸಲ ಹೇಳಲಿಲ್ಲ.